ತೆರೆಯದೇ ಹಾಕಿದ ರೆಫರೆನ್ಸ್

ಥೀಸಿಸ್ ಕರಡು ತರುವ ವೈದ್ಯಕೀಯ ಪಿಜಿ ವಿದ್ಯಾರ್ಥಿಗಳು ಮೊದಲು ಒಪ್ಪಿಸುವುದು ರೆಫರೆನ್ಸ್‌ಗಳ, ಅಂದರೆ ಆಧಾರವಾಗಿ ತೋರಿಸುವ ಲೇಖನಗಳ, ಲೆಕ್ಕ. ಪಟ್ಟಿಯಲ್ಲಿ ಯಾವುದಾದರೊಂದರ ಮೇಲೆ ಬೆರಳಿಟ್ಟು, "ಇದರಲ್ಲಿ ರೋಗಿಗಳು ಯಾರಪ್ಪಾ?" ಎಂದರೆ ಮಾತಿಲ್ಲ. ಇನ್ಯಾರದೋ ಲೇಖನದ ಕೊನೆಯಿಂದ ಎತ್ತಿಕೊಂಡದ್ದು. ಮೂಲವನ್ನು ತೆರೆದೇ ಇಲ್ಲ.

ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿ ಪಬ್‌ಮೆಡ್‌ನಲ್ಲಿ ಹುಡುಕುವುದು, ಅದರ ವಿಷಯಸೂಚಕವಾದ ಮೆಶ್ ಪದ ಹಾಕುವುದು ಬೇಗ ಕಲಿಯುತ್ತಾರೆ, ನಮ್ಮ ಮಕ್ಕಳು ಚುರುಕು. ನಾನು ಹೆಣಗುವುದು ಮೂಲವನ್ನು ತೆರೆದು ಓದಿಸುವುದೊಂದಕ್ಕೇ. ಅದಕ್ಕೇ ಸಂಶೋಧನಾ ಲೇಖನಗಳನ್ನು ಒಟ್ಟಿಗೆ ಓದಿ ಚರ್ಚಿಸುವ ಜರ್ನಲ್ ಕ್ಲಬ್‌ಗೆ ಹೊಸಬರು ಬಂದಾಗ ಮೊದಲು ಒಂದು ಪತ್ರ ಕೊಡುತ್ತೇನೆ. 1980ರ ಜನವರಿಯಲ್ಲಿ ವೈದ್ಯಕೀಯ ಪತ್ರಿಕೆ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬಂದದ್ದು, ಐದೇ ವಾಕ್ಯ. ಆಸ್ಪತ್ರೆಯಲ್ಲಿ ದಾಖಲಾಗಿ ಒಮ್ಮೆಯಾದರೂ ಓಪಿಯಾಯ್ಡ್ (ಅಫೀಮಿನ ಬಗೆಯ) ನೋವಿನ ಔಷಧ ಪಡೆದವರು 11,882 ಮಂದಿ. ಹಿಂದೆ ಚಟವಿಲ್ಲದವರ ಪೈಕಿ ಚಟ ಹತ್ತಿದ್ದಕ್ಕೆ ದಾಖಲೆ ಸಿಕ್ಕಿದ್ದು ನಾಲ್ವರದು ಮಾತ್ರ. ಎಷ್ಟು ದಿನ ಔಷಧ ಕೊಟ್ಟರು, ಮನೆಗೆ ಹೋದ ಮೇಲೆ ಏನಾಯಿತು? ಪತ್ರದಲ್ಲಿಲ್ಲ.

2017ರಲ್ಲಿ ಕೆನಡಾದ ಸಂಶೋಧಕರು ಎಣಿಸಿದಾಗ ಈ ಪತ್ರಕ್ಕೆ 608 ಉಲ್ಲೇಖಗಳಿದ್ದವು. 439 ಕಡೆ ಅದನ್ನು 'ಓಪಿಯಾಯ್ಡ್‌ಗಳಿಂದ ಚಟ ಹತ್ತುವುದು ಅಪರೂಪ' ಎಂಬುದಕ್ಕೆ ಪುರಾವೆಯಾಗಿ ಬಳಸಲಾಗಿತ್ತು. ರೋಗಿಗಳು ಆಸ್ಪತ್ರೆಯಲ್ಲಿದ್ದವರು ಎನ್ನುವುದನ್ನು 491 ಕಡೆ ಹೇಳಿಯೇ ಇರಲಿಲ್ಲ. ವಾರ್ಡಿನಲ್ಲಿ ನರ್ಸ್ ಕೈಯಿಂದ ಪಡೆದ ಡೋಸ್ ಬೇರೆ, ಬೆನ್ನುನೋವಿಗೆಂದು ತಿಂಗಳುಗಟ್ಟಲೆ ಮನೆಯಲ್ಲಿ ನುಂಗುವ ಮಾತ್ರೆ ಬೇರೆ. ಇದನ್ನು ಎಂಬಿಬಿಎಸ್ ಹುಡುಗರೂ ಬಲ್ಲರು, ಪತ್ರ ಓದಿದ್ದರೆ. ಓದುವುದಕ್ಕೆ ಲೋಟದ ಕಾಫಿ ಆರುವಷ್ಟು ಹೊತ್ತೂ ಬೇಡ!

ಈ ಔಷಧಗಳ ಚಟಕ್ಕೆ ಬಿದ್ದು ಅಸಂಖ್ಯ ಜನ ಸತ್ತ ಅಮೆರಿಕದ ಓಪಿಯಾಯ್ಡ್ ದುರಂತಕ್ಕೆ ಈ ಪತ್ರವೊಂದೇ ಕಾರಣ ಎನ್ನಲಾರೆ. ಔಷಧ ಕಂಪನಿಗಳ ಪ್ರಚಾರ, ವೈದ್ಯರು ಧಾರಾಳವಾಗಿ ಬರೆದುಕೊಟ್ಟ ಔಷಧಚೀಟಿ, ಇನ್ನೂ ಹಲವು ಸೇರಿವೆ. ಆದರೆ ಆ ಪತ್ರಿಕೆ 2017ರಲ್ಲಿ ಪತ್ರದ ಜೊತೆಗೇ ಓದುಗರಿಗೆ ಎಚ್ಚರಿಕೆಯ ಟಿಪ್ಪಣಿ ಸೇರಿಸಬೇಕಾಯಿತು.

"ಹಾಗಾದ್ರೆ ಪತ್ರ ಬರೆದೋರು ಸುಳ್ಳು ಹೇಳಿದ್ರಾ ಮೇಡಂ?" ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಇಲ್ಲಮ್ಮಾ, ಅವರು ತಾವು ಎಣಿಸಿದ್ದನ್ನಷ್ಟೇ ಬರೆದರು. ಎಣಿಸದೇ ಇದ್ದದ್ದನ್ನು ಅವರ ಬಾಯಲ್ಲಿಟ್ಟವರು ನಂತರದವರು.

"ಫುಲ್ ಟೆಕ್ಸ್ಟ್‌ಗೆ ದುಡ್ಡು ಕೇಳ್ತಾರೆ" ಎನ್ನುವುದು ಮಾಮೂಲಿ ತಕರಾರು, ನಿಜವೂ ಹೌದು. ಪೂರ್ತಿ ಲೇಖನಗಳು ಉಚಿತವಾಗಿ ಸಿಗುವ ಪಬ್‌ಮೆಡ್ ಸೆಂಟ್ರಲ್ ನೋಡಿ, ಲೈಬ್ರರಿಯವರನ್ನು ಕೇಳಿ, ಲೇಖಕರಿಗೇ ಮೇಲ್ ಹಾಕಿ; ಎಷ್ಟೋ ಮಂದಿ ಖುಷಿಯಿಂದ ಕಳಿಸುತ್ತಾರೆ. ಆದರೂ ಸಿಗದಿದ್ದರೆ ಆ ರೆಫರೆನ್ಸ್ ತೆಗೆದುಬಿಡಿ. ಅದರ ಮೇಲೆ ನಿಂತಿದ್ದ ನಿಮ್ಮ ವಾಕ್ಯವನ್ನೂ ತೆಗೆಯಬೇಕಾದೀತು.