ಉತ್ತತ್ತಿಯ ಬಾಲ ಯಾವ ಕಡೆಗೆ?

ಕಲಬುರಗಿಯ ಶರಣಬಸವೇಶ್ವರರ ತೇರಿನ ಮರುದಿನ ಕಾಲೇಜು ಹುಡುಗನೊಬ್ಬ ಸ್ಟುಡಿಯೊಗೆ ಬಂದು ಕ್ಯಾಮೆರಾ ನನ್ನ ಮುಂದಿಟ್ಟ. "ಸರ್, ಜನ ತೇರಿಗೆ ಉತ್ತತ್ತಿ ಎಸೆದರು. ಫೋಟೊದಲ್ಲಿ ನೋಡಿದರೆ ತೇರೇ ಜನರ ಮೇಲೆ ಎಸೆದಂತಿದೆ" ಎಂದ. ನಿಜವೇ. ಪ್ರತಿ ಉತ್ತತ್ತಿಗೂ ಒಂದು ಬಾಲವಿತ್ತು, ಆ ಬಾಲ ತೇರಿನ ಕಡೆಗಿತ್ತು.

ಕ್ಯಾಮೆರಾ ಕೆಟ್ಟಿರಲಿಲ್ಲ. ಮುಸ್ಸಂಜೆಯ ಬೆಳಕು ಸಾಲದೆ ಅವನು ಶಟರನ್ನು, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಪರದೆಯನ್ನು, 1/8 ಸೆಕೆಂಡು ತೆರೆದಿರುವಂತೆ ಇಟ್ಟಿದ್ದ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಶಟರ್ ತೆರೆದ ಕೂಡಲೇ ಫ್ಲ್ಯಾಶ್ ಮಿಂಚುತ್ತದೆ. ಪೂರ್ತಿ ಶಕ್ತಿಯಲ್ಲಿ ಆ ಮಿಂಚಿನ ಆಯುಸ್ಸು ಸುಮಾರು 1/1000 ಸೆಕೆಂಡು. ಶಕ್ತಿ ಇಳಿಸಿದಷ್ಟೂ ಇನ್ನೂ ಕಡಿಮೆ. ಅಷ್ಟರಲ್ಲಿ ಉತ್ತತ್ತಿ ಸ್ಪಷ್ಟವಾಗಿ ಮೂಡಿಬಿಡುತ್ತದೆ. ಆದರೆ ಶಟರ್ ಇನ್ನೂ ತೆರೆದೇ ಇದೆ, ಉತ್ತತ್ತಿ ಹಾರುತ್ತಲೇ ಇದೆ. ಉಳಿದ ಹೊತ್ತಿನಲ್ಲಿ ದೀಪದ ಬೆಳಕು ಅದರ ಮುಂದೆ ಗೀರು ಎಳೆಯುತ್ತದೆ. ಗೀರು ಹಿಂದಿರಬೇಕೆಂದು ನಂಬಿದ ಕಣ್ಣಿಗೆ ಹಣ್ಣು ಹಿಮ್ಮುಖವಾಗಿ ಹಾರಿದಂತೆ ಕಾಣುತ್ತದೆ.

ಮಿಂಚನ್ನು ಶಟರ್ ಮುಚ್ಚುವ ಮುನ್ನಿನ ಕ್ಷಣಕ್ಕೆ ತಳ್ಳಿದರೆ ಗೀರು ಮೊದಲು, ಹಣ್ಣು ಆಮೇಲೆ. ನಿಕಾನ್‌ನಲ್ಲಿ ಇದಕ್ಕೆ ರಿಯರ್ ಕರ್ಟನ್ ಎಂದು ಹೆಸರು, ಕ್ಯಾನನ್‌ನಲ್ಲಿ ಸೆಕೆಂಡ್ ಕರ್ಟನ್.

ಇದನ್ನು ಕಲಿತವರು ಎಲ್ಲದಕ್ಕೂ ಇದನ್ನೇ ಹಚ್ಚುತ್ತಾರೆ, ನಾನೂ ಹಚ್ಚಿದ್ದೆ. ಆದರೆ ವೀರಭದ್ರನ ಕುಣಿತದ ಪುರವಂತರು ಒಡಪು ಹೇಳಿ ಕತ್ತಿ ಎತ್ತುವ ಗಳಿಗೆಗೆ ಬಟನ್ ಒತ್ತಿದರೆ, ಮಿಂಚು ಬರುವ ಹೊತ್ತಿಗೆ ಕತ್ತಿ ಕೆಳಗಿಳಿದಿರುತ್ತದೆ. ಮುಖಭಾವವೇ ಮುಖ್ಯವಾದ ಕಡೆ ನಾನು ಈಗಲೂ ಮಾಮೂಲಿ ಸೆಟ್ಟಿಂಗ್‌ಗೇ ಮರಳುತ್ತೇನೆ. ಇನ್ನೊಂದು ತೊಡಕಿದೆ. ಆಟೊ ಫ್ಲ್ಯಾಶ್ ಬೆಳಕನ್ನು ಅಳೆಯಲು ಮೊದಲೊಮ್ಮೆ ಸಣ್ಣಗೆ ಮಿಂಚುತ್ತದೆ. ರಾತ್ರಿಯ ಮದುವೆ ಮೆರವಣಿಗೆಯಲ್ಲಿ ಶಟರ್ ಒಂದು ಸೆಕೆಂಡು ತೆರೆದಿಟ್ಟಾಗ ಅದನ್ನೇ ಫೋಟೊ ಎಂದುಕೊಂಡು ಬೀಗರು ತಿರುಗಿಬಿಟ್ಟರು. ಅಸಲಿ ಮಿಂಚಿಗೆ ಸಿಕ್ಕಿದ್ದು ಅವರ ಪೇಟದ ಹಿಂಭಾಗ. ಫ್ಲ್ಯಾಶನ್ನು ಮ್ಯಾನುಯಲ್‌ಗೆ ಹಾಕಿದರೆ ಈ ಮುನ್ಮಿಂಚು ಇರುವುದಿಲ್ಲ.

ಫ್ಲ್ಯಾಶ್‌ನಲ್ಲಿರುವ ಹೈಸ್ಪೀಡ್ ಸಿಂಕ್ ಎಂಬ ಸೆಟ್ಟಿಂಗ್‌ನ ಹೆಸರು ಕೇಳಿ ಓಟ ಹಿಡಿಯಲು ಅದೇ ಬೇಕು ಎನ್ನುವವರು ಬಹಳ. ಅದು ನಮ್ಮೂರಿನ ಬೇಸಿಗೆಯ ನಡು ಮಧ್ಯಾಹ್ನಕ್ಕೆ ಸರಿ. ಶಟರ್ ವೇಗ 1/200 ಅಥವಾ 1/250 ಸೆಕೆಂಡು ದಾಟಿದ ಮೇಲೂ ಫ್ಲ್ಯಾಶ್ ಕೆಲಸ ಮಾಡಲಿ ಎಂದು ಅದು ಒಂದೇ ಮಿಂಚಿನ ಬದಲು ಪಟಪಟನೆ ಮಿಂಚುತ್ತಾ ಹೋಗುತ್ತದೆ, ಶಕ್ತಿ ಬಹಳ ಸೋರುತ್ತದೆ. ಅಲ್ಲಿ ಚಲನೆಯನ್ನು ನಿಲ್ಲಿಸುವುದು ಶಟರೇ ಹೊರತು ಫ್ಲ್ಯಾಶ್ ಅಲ್ಲ. ಕತ್ತಲಲ್ಲಿ ಕಡಿಮೆ ಶಕ್ತಿಯ ಮಾಮೂಲಿ ಮಿಂಚೇ ಹೆಚ್ಚು ಚುರುಕು.

ಒಂದೇ ಚಿತ್ರದಲ್ಲಿ ಹತ್ತು ಭಂಗಿ ಮೂಡಿಸುವ, ಫ್ಲ್ಯಾಶ್‌ನ ಮಲ್ಟಿ ಮೋಡ್‌ಗೆ ಕಪ್ಪು ಹಿನ್ನೆಲೆ ಬೇಕು. ಜಾತ್ರೆಯ ಜನಜಂಗುಳಿಯಲ್ಲಿ ಅದು ಕಲಸುಮೇಲೋಗರ.

ಹುಡುಗನಿಗೆ ಕೊನೆಗೆ ಇಷ್ಟು ಹೇಳಿದೆ: ಫ್ಲ್ಯಾಶ್‌ನಿಂದ ತೇರನ್ನು ಬೆಳಗಿಸಲು ಹೋಗಬೇಡ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ತೇರನ್ನು ಅದರ ದೀಪಗಳಿಗೇ ಬಿಡು, ಮಿಂಚನ್ನು ನಾಲ್ಕಾರು ಅಡಿಯೊಳಗಿನ ಕೈಗಳಿಗೂ ಉತ್ತತ್ತಿಗೂ ಇಟ್ಟುಕೋ. ಲೆನ್ಸಿನ ಮುಂದೆ ಹುಡ್ ಎಂಬ ಅಂಚುಪಟ್ಟಿ ಹಾಕುವುದನ್ನು ಮರೆಯಬೇಡ. ಗುರಿ ತಪ್ಪಿದ ಉತ್ತತ್ತಿಯ ಗುರುತು ನನ್ನ ಹಳೆಯ ಲೆನ್ಸಿನ ಮೇಲೆ ಇನ್ನೂ ಇದೆ.