ಚಿಟಿಕೆ ಮಣ್ಣಿನ ಗಣತಿ

ಫಲವತ್ತಾದ ಮಣ್ಣಿನ ಒಂದು ಗ್ರಾಂನಲ್ಲಿ ನೂರು ಕೋಟಿಯಷ್ಟು ಬ್ಯಾಕ್ಟೀರಿಯಾಗಳಿರಬಹುದು. ಆದರೆ ಅದೇ ಮಣ್ಣನ್ನು ನೀರಿನಲ್ಲಿ ಕದಡಿ, ಹಂತಹಂತವಾಗಿ ಇನ್ನಷ್ಟು ನೀರು ಬೆರೆಸಿ ತೆಳುವಾಗಿಸಿ, ಪೋಷಕಾಂಶ ಬೆರೆಸಿದ ಅಗರ್ (ಕಡಲಪಾಚಿಯಿಂದ ತೆಗೆದ ಲೋಳೆ) ತಟ್ಟೆಯ ಮೇಲೆ ಹರಡಿದರೆ, ಬೆಳೆದು ಕಾಣಿಸಿಕೊಳ್ಳುವವು ಸಾಮಾನ್ಯವಾಗಿ ನೂರರಲ್ಲಿ ಒಂದು ಪಾಲು ಮಾತ್ರ. ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಎಣಿಸಿದಾಗ ಉಳಿದವು ಕಣ್ಣಿಗೆ ಬೀಳುತ್ತವೆಯಾದರೂ ಅವುಗಳ ಹೆಸರಾಗಲಿ ಕೆಲಸವಾಗಲಿ ಗೊತ್ತಾಗುವುದಿಲ್ಲ.

ಈ ತೊಡಕು ಹೊಸದಲ್ಲ. 1877ರಲ್ಲಿ ಫ್ರಾನ್ಸಿನ ಷ್ಲೋಸಿಂಗ್ ಮತ್ತು ಮುಂಟ್ಸ್ ಅವರು ಮರಳು ತುಂಬಿದ ಕೊಳವೆಯ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಸುಮಾರು 20 ದಿನಗಳ ಬಳಿಕ ಅದರಲ್ಲಿದ್ದ ಅಮೋನಿಯಾ ನೈಟ್ರೇಟ್ ಆಗತೊಡಗಿತು. ಜೀವಿಗಳನ್ನು ಸ್ತಬ್ಧಗೊಳಿಸುವ ಕ್ಲೋರೋಫಾರ್ಮ್ ಆವಿ ಹಾಯಿಸಿದೊಡನೆ ಅದು ನಿಂತಿತು. ಮಣ್ಣು ತೊಳೆದ ನೀರನ್ನು ಸೇರಿಸಿದ ಮೇಲೆ ಮತ್ತೆ ಆರಂಭವಾಯಿತು. ಕೆಲಸ ಜೀವಿಗಳದ್ದೇ ಎಂಬುದು ಹೀಗೆ ಖಚಿತವಾಯಿತಾದರೂ ಆ ಜೀವಿಗಳು ಯಾವುವು ಎಂದು ಹುಡುಕಿದವರಿಗೆ ಜೆಲಟಿನ್ ತಟ್ಟೆಯಲ್ಲಿ ಅವು ಸಿಗಲಿಲ್ಲ. ಸೂಕ್ಷ್ಮಜೀವಿ ವಿಜ್ಞಾನಿ ಸರ್ಗೇ ವಿನೋಗ್ರಾಡ್‌ಸ್ಕಿ 1890ರ ಹೊತ್ತಿಗೆ ಈ ಹುಡುಕಾಟವನ್ನೇ ತಿರುವಿಹಾಕಿದರು. ಸಾವಯವ ಆಹಾರವೇ ಇಲ್ಲದ, ಅಮೋನಿಯಾ ಮತ್ತು ಕೆಲವು ಲವಣಗಳಷ್ಟೇ ಇದ್ದ ದ್ರಾವಣದಲ್ಲಿ, ಅಮೋನಿಯಾದಿಂದ ಶಕ್ತಿ ಪಡೆದು ಗಾಳಿಯ ಇಂಗಾಲದಿಂದ ದೇಹ ಕಟ್ಟಿಕೊಳ್ಳುವ ಬ್ಯಾಕ್ಟೀರಿಯಾಗಳನ್ನು ಅವರು ಬೆಳೆಸಿದರು. ನನ್ನ ಮಟ್ಟಿಗೆ ಮಣ್ಣಿನ ಜೀವಶಾಸ್ತ್ರದ ಅತಿ ಸೊಗಸಾದ ಪ್ರಯೋಗ ಇದೇ: ಯಾರಿದ್ದಾರೆ ಎಂದು ಕೇಳುವ ಮೊದಲು ಯಾರಿಗೆ ಏನು ಬೇಕು ಎಂದು ಅದು ಕೇಳಿತು.

ಕೊಂಚ ದೊಡ್ಡ ಜೀವಿಗಳಿಗೆ ಆಲಿಕೆಯೇ ಸಾಕು. 1917ರಲ್ಲಿ ಬೇರ್ಮನ್ ವಿವರಿಸಿದ ವಿಧಾನದಲ್ಲಿ, ತೆಳುಬಟ್ಟೆಯಲ್ಲಿ ಕಟ್ಟಿದ ಮಣ್ಣನ್ನು ನೀರು ತುಂಬಿದ ಆಲಿಕೆಯಲ್ಲಿಟ್ಟರೆ, ದುಂಡುಹುಳುಗಳು ನುಸುಳಿ ಹೊರಬಂದು, ಮೇಲಕ್ಕೆ ಈಜಲಾಗದೆ ತಳಕ್ಕೆ ಇಳಿಯುತ್ತವೆ. ಅವುಗಳ ಬಾಯಿಯನ್ನು ನೋಡಿಯೇ ಆಹಾರವನ್ನು ಊಹಿಸಬಹುದು. ಬೇರಿನ ರಸ ಹೀರುವವುಗಳಿಗೆ ಸೂಜಿಯಂಥ ಮುಳ್ಳಿರುತ್ತದೆ, ಬ್ಯಾಕ್ಟೀರಿಯಾ ತಿನ್ನುವವುಗಳ ಬಾಯಿ ಬರಿಯ ಕೊಳವೆ. ಆದರೆ ಅಲುಗಾಡದ ಮೊಟ್ಟೆಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ಇಂದು ಮಣ್ಣಿನಿಂದ ನೇರವಾಗಿ ಡಿಎನ್‌ಎ ತೆಗೆದು, ಬೆಳೆಸದೆಯೇ ಸಾವಿರಾರು ಪ್ರಭೇದಗಳ ಪಟ್ಟಿ ಮಾಡಬಹುದು. ಪಟ್ಟಿ ಉದ್ದವಾದಷ್ಟೂ ಅನುಮಾನವೂ ಬೆಳೆಯುತ್ತದೆ, ಏಕೆಂದರೆ ಸತ್ತ ಕೋಶಗಳ ಡಿಎನ್‌ಎ ಮಣ್ಣಿನ ಕಣಗಳಿಗೆ ಅಂಟಿಕೊಂಡು ಬಹುಕಾಲ ಉಳಿಯುತ್ತದೆ, ಬದುಕಿದ್ದವುಗಳಲ್ಲೂ ಎಷ್ಟೋ ನಿದ್ರಾವಸ್ಥೆಯಲ್ಲಿರುತ್ತವೆ. ದುಡಿಯುವವರನ್ನು ಬೇರ್ಪಡಿಸಲು 2000ದಲ್ಲಿ ಬಂದ ಉಪಾಯವೆಂದರೆ ಭಾರದ ಇಂಗಾಲ-13 ಇರುವ ಆಹಾರವನ್ನು ಮಣ್ಣಿಗೆ ಉಣಿಸುವುದು. ಅದನ್ನು ತಿಂದು ಬೆಳೆದ ಜೀವಿಗಳ ಡಿಎನ್‌ಎ ಉಳಿದವುಗಳಿಗಿಂತ ಭಾರವಾಗುವುದರಿಂದ, ಅತಿವೇಗದಲ್ಲಿ ತಿರುಗಿಸಿದಾಗ ಬೇರೆ ಪದರವಾಗಿ ನಿಲ್ಲುತ್ತದೆ. ಮೊದಲ ಪ್ರಯೋಗದಲ್ಲಿ ಕಾಡಿನ ಮಣ್ಣಿಗೆ ಉಣಿಸಿದ್ದು ಮೆಥನಾಲ್. ಇಲ್ಲಿ ಕಾಯುವ ಅವಧಿಯೇ ನಾಜೂಕಿನದು: ಬೇಗ ಮುಗಿಸಿದರೆ ಡಿಎನ್‌ಎಗೆ ಸಾಕಷ್ಟು ಭಾರ ಬಂದಿರುವುದಿಲ್ಲ, ತಡಮಾಡಿದರೆ ತಿಂದವರನ್ನು ತಿಂದವರೂ ಭಾರವಾಗಿ, ಮೊದಲು ಉಂಡವರು ಯಾರೆಂಬುದೇ ಮಸುಕಾಗುತ್ತದೆ.