ಮೊದಲು ನೀರು ನಿಲ್ಲಿಸಿ, ಮ್ಯೂಸಿಯಂ ಆಮೇಲೆ

ಹಳೆಯ ಕಟ್ಟಡಗಳ ದುರಸ್ತಿ ನನ್ನ ಕಸುಬು. ಪಾಳುಬಿದ್ದ ಬಂಗಲೆಯೊಂದನ್ನು ಉಳಿಸಿಕೊಳ್ಳಬೇಕು ಎಂದು ಊರವರು ಸಭೆ ಸೇರಿದಾಗ ನನ್ನನ್ನೂ ಕರೆಯುವುದುಂಟು. ಸಭೆ ಶುರುವಾಗಿ ಹತ್ತು ನಿಮಿಷ ಆಗುವುದರೊಳಗೆ ಯಾರಾದರೊಬ್ಬರು ಎದ್ದು 'ಮ್ಯೂಸಿಯಂ ಮಾಡೋಣ' ಅನ್ನುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ನಾನು ಮಾತ್ರ ಮಾಡಿನ, ಅಂದರೆ ಚಾವಣಿಯ, ಮೂಲೆಯ ಕಡೆ ನೋಡುತ್ತಿರುತ್ತೇನೆ.

ಮ್ಯೂಸಿಯಂ ಬೇಡ ಅಂತಲ್ಲ. ಅದರಲ್ಲಿ ಇಡುವುದಕ್ಕೆ ಏನಿದೆ? ಒಂದು ಸಲ ನೋಡಿ ಹೋದವರು ಮತ್ತೆ ಯಾಕೆ ಬರುತ್ತಾರೆ? ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ಇದಕ್ಕೆಲ್ಲ ಉತ್ತರ ಇಲ್ಲದಿದ್ದರೆ ಕೆಲವೇ ವರ್ಷಕ್ಕೆ ಬಾಗಿಲಿಗೆ ಮತ್ತೆ ಬೀಗ. ಆಗ ಕೆಲವರು ಅಮೆರಿಕದ ಮೌಂಟ್ ವರ್ನನ್ ಹೆಸರು ಹೇಳುತ್ತಾರೆ. 1853ರಲ್ಲಿ ಆನ್ ಪಮೇಲಾ ಕನಿಂಗ್‌ಹ್ಯಾಮ್ ಎಂಬಾಕೆ ಹೆಂಗಸರ ಸಂಘ ಕಟ್ಟಿ, ಚಂದಾ ಎತ್ತಿ, 1858ರಲ್ಲಿ 2 ಲಕ್ಷ ಡಾಲರ್‌ಗೆ ಆ ಎಸ್ಟೇಟನ್ನು ಕೊಂಡರು. ಇವತ್ತಿಗೂ ಅದೇ ಸಂಘ ಅದನ್ನು ನಡೆಸುತ್ತಿದೆ. ದೊಡ್ಡ ಸಾಹಸವೇ ಸರಿ. ಆದರೆ ಅದು ಜಾರ್ಜ್ ವಾಷಿಂಗ್ಟನ್ ಬಾಳಿದ ಮನೆ. ಎಲ್ಲ ಬಂಗಲೆಗೂ ಒಬ್ಬೊಬ್ಬ ವಾಷಿಂಗ್ಟನ್ ಇರುವುದಿಲ್ಲ, ಅಲ್ವಾ?

ಇನ್ನೊಂದು ತಪ್ಪು ಲೆಕ್ಕ ಎಂದರೆ, ಕೊಂಡುಬಿಟ್ಟರೆ ಗೆದ್ದ ಹಾಗೆ ಎಂದುಕೊಳ್ಳುವುದು. ನನ್ನ ಅನುಭವದಲ್ಲಿ ಕೊಳ್ಳುವುದೇ ಸುಲಭದ ಭಾಗ. ಅದಕ್ಕೆ ಜನರ ಹುಮ್ಮಸ್ಸು ಸಿಗುತ್ತದೆ. ಫ್ರಾನ್ಸ್‌ನ ಮೋತ್ ಶಾಂದೆನಿಯೇ ಕೋಟೆಮನೆ 1932ರಲ್ಲಿ ಬೆಂಕಿಗೆ ಸಿಕ್ಕಿ, ಒಳಗೆಲ್ಲ ಮರ ಬೆಳೆದು ನಿಂತಿತ್ತು. 2017ರಲ್ಲಿ ಬೇರೆಬೇರೆ ದೇಶಗಳ 25 ಸಾವಿರಕ್ಕೂ ಹೆಚ್ಚು ಜನ ಇಂಟರ್‌ನೆಟ್‌ನಲ್ಲಿ ಚೂರುಚೂರು ದುಡ್ಡು ಹಾಕಿ ಅದನ್ನು ಕೊಂಡರು. ಓದಿದರೆ ಖುಷಿಯಾಗುತ್ತದೆ. ಅದರ ಪಕ್ಕದಲ್ಲೇ ಇಂಗ್ಲೆಂಡಿನ ವೆಂಟ್‌ವರ್ತ್ ವುಡ್‌ಹೌಸ್ ಕಥೆಯನ್ನೂ ಇಟ್ಟು ನೋಡಿ. ಅದೇ 2017ರಲ್ಲಿ ಒಂದು ಟ್ರಸ್ಟ್ ಆ ಭಾರೀ ಬಂಗಲೆಯನ್ನು 70 ಲಕ್ಷ ಪೌಂಡ್‌ಗೆ ಕೊಂಡಿತು. ತುರ್ತು ದುರಸ್ತಿಗೆ ಅಂತ ಸರ್ಕಾರ ಕೊಟ್ಟ ದುಡ್ಡೇ 76 ಲಕ್ಷ ಪೌಂಡ್. ಮನೆಯ ಬೆಲೆಗಿಂತ ಜಾಸ್ತಿ! ಅದರಲ್ಲಿ ಮೊದಲು ಕೈಹಾಕಿದ್ದು ಮಾಡಿಗೆ. ಕೆಲಸ ನಡೆಯುವಾಗಲೇ ಟಿಕೆಟ್ ಇಟ್ಟು ಜನರನ್ನು ಮಾಡಿನ ಎತ್ತರಕ್ಕೆ ಹತ್ತಿಸಿ ತೋರಿಸಿದರು. ಈ ಉಪಾಯಕ್ಕೆ ನನ್ನ ಪೂರ್ತಿ ಅಂಕ. ದುಡ್ಡು ಎಲ್ಲಿ ಹೋಗುತ್ತಿದೆ ಎಂದು ಕಣ್ಣಾರೆ ಕಂಡವರು ಮತ್ತೆ ಕೊಡುತ್ತಾರೆ.

ಮಾಡೇ ಯಾಕೆ ಮೊದಲು? ಒಂದು ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ದೊಡ್ಡ ಹಜಾರಕ್ಕೆ ಹೊಸದಾಗಿ ಬಣ್ಣ ಹೊಡೆದಿದ್ದರು. ಸಮಿತಿಯವರು ಹೆಮ್ಮೆಯಿಂದ ತೋರಿಸಿದರು. ಮೂಲೆಯಲ್ಲಿ ಅಂಗೈ ಅಗಲದ ಕಂದು ಕಲೆ ಇತ್ತು. 'ಅದು ಹಳೇದು, ಒಣಗಿದೆ ಸಾರ್' ಅಂದರು. ಏಣಿ ಹಾಕಿಸಿ ಹತ್ತಿದೆ. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದೆ. ಬೆಣ್ಣೆಗೆ ಚಾಕು ಇಳಿದ ಹಾಗೆ ಹಿಡಿಯವರೆಗೂ ಇಳಿಯಿತು. ಹೊರಗೆ ನೋಡಿದರೆ ಮಾಡಿನಂಚಿನಲ್ಲಿ ಮಳೆನೀರು ಹರಿಯಲು ಇರುವ ದೋಣಿಯಲ್ಲಿ ಎಲೆ ತುಂಬಿ ಗೊಬ್ಬರವಾಗಿತ್ತು. ಮಳೆನೀರು ಕೆಳಗೆ ಇಳಿಯಲು ದಾರಿಯಿಲ್ಲದೆ ವರ್ಷಗಟ್ಟಲೆ ಗೋಡೆಯ ತಲೆಗೇ ಸುರಿದಿತ್ತು. ಬಣ್ಣಕ್ಕೆ ಹಾಕಿದ ದುಡ್ಡು ಪೂರ್ತಿ ದಂಡ.

ಅದೇ ಗೋಡೆಯ ಹೊರಬದಿಗೆ ಯಾರೋ ಸಿಮೆಂಟ್ ಪ್ಲಾಸ್ಟರಿಂಗ್ ಬೇರೆ ಮಾಡಿಸಿದ್ದರು. ಗಟ್ಟಿ ಇರಲಿ ಅಂತ. ಸುಣ್ಣದ ಗಾರೆಯ ಗೋಡೆ ನೀರು ಹೀರುತ್ತದೆ, ಬಿಸಿಲಿಗೆ ಅದನ್ನು ಬಿಟ್ಟೂ ಕೊಡುತ್ತದೆ. ಮೇಲೆ ಸಿಮೆಂಟ್ ಹೊದಿಸಿದರೆ ಒಳಗಿನ ತೇವಕ್ಕೆ ಹೊರಗೆ ಬರಲು ಜಾಗವಿಲ್ಲ. ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಪುಡಿ ಮಾಡುತ್ತದೆ. ಹಳೆ ಕಟ್ಟಡಕ್ಕೆ ಆಗುವ ಹಾನಿಯಲ್ಲಿ ಒಳ್ಳೆಯ ಮನಸ್ಸಿನಿಂದ ಆಗುವ ಹಾನಿಯೇ ಜಾಸ್ತಿ ಅಂತ ನನಗೆ ಎಷ್ಟೋ ಸಲ ಅನಿಸಿದೆ.

ನೀರು ಸೋರುವುದು ನಿಂತ ಮೇಲೆ ಬಳಕೆಯ ಮಾತು. ಎಲ್ಲರ ಕಣ್ಣೂ ಬಂಗಲೆಯ ಮೇಲೆ. ನಾನು ಹೇಳುವುದು ಹಿತ್ತಲಿಗೆ ಹೋಗಿ ಅಂತ. ಎಸ್ಟೇಟ್ ಅಂದರೆ ಬರೀ ಬಂಗಲೆ ಅಲ್ಲ. ಕುದುರೆ ಲಾಯ, ಗಾಡಿ ನಿಲ್ಲಿಸುವ ಕೊಟ್ಟಿಗೆ, ಕಾವಲುಗಾರನ ಮನೆ, ಉಗ್ರಾಣ, ತೋಟ ಎಲ್ಲ ಸೇರಿರುತ್ತದೆ. ಅಲಂಕಾರ ಕಡಿಮೆ ಇರುವ ಈ ಸಣ್ಣ ಕಟ್ಟಡಗಳಲ್ಲಿ ಬದಲಾವಣೆ ಮಾಡಿದರೆ ಕಳೆದುಕೊಳ್ಳುವುದೂ ಕಡಿಮೆ. ಬೇಗ ದುರಸ್ತಿಯಾಗುತ್ತವೆ, ಬೇಗ ಬಾಡಿಗೆ ತರುತ್ತವೆ. ಬಡಗಿ, ಹೊಲಿಗೆಯವರು, ನಾಲ್ಕು ಜನರ ಆಫೀಸು, ಮಕ್ಕಳ ಸಂಗೀತ ಕ್ಲಾಸು. ಕೇಳಲು ಸಪ್ಪೆ. ಆದರೆ ತಿಂಗಳು ತಿಂಗಳು ದುಡ್ಡು ಬರುತ್ತದೆ.

ಇಂಗ್ಲೆಂಡಿನ ಬ್ಲೆಚ್‌ಲಿ ಪಾರ್ಕ್ ಎಸ್ಟೇಟ್ ನೆನಪಿಸಿಕೊಳ್ಳಿ. ಎರಡನೇ ಮಹಾಯುದ್ಧದಲ್ಲಿ ಅಲನ್ ಟ್ಯೂರಿಂಗ್ ಮತ್ತು ಸಾವಿರಾರು ಜನ ಶತ್ರುಗಳ ಗುಪ್ತಲಿಪಿ ಬಿಡಿಸಿದ ಜಾಗ. 1991ರಲ್ಲಿ ಅದನ್ನೇ ಕೆಡವುವ ಮಾತು ನಡೆದಿತ್ತು. ಅಲ್ಲಿನ ಇತಿಹಾಸಾಸಕ್ತರು ಹಳೆಯ ಕೆಲಸಗಾರರನ್ನೆಲ್ಲ ಸೇರಿಸಿ ಬೀಳ್ಕೊಡುಗೆ ಅಂತ ಒಂದು ಕೂಟ ಇಟ್ಟುಕೊಂಡರು. ಬಂದವರ ನೆನಪುಗಳನ್ನು ಕೇಳಿದ ಮೇಲೆ ಬೀಳ್ಕೊಡಲು ಮನಸ್ಸಾಗಲಿಲ್ಲ. 1992ರಲ್ಲಿ ಟ್ರಸ್ಟ್ ಹುಟ್ಟಿತು. ಅಂಥ ಜಾಗಕ್ಕೂ ಒಂದೇ ಬಳಕೆ ಸಾಲಲಿಲ್ಲ ನೋಡಿ. ಎಚ್ ಬ್ಲಾಕ್‌ನಲ್ಲಿ ಕಂಪ್ಯೂಟರ್ ಮ್ಯೂಸಿಯಂ ಇದೆ. ಅದು ಬೇರೆಯದೇ ಸಂಸ್ಥೆ, ಅಲ್ಲಿ ಬಾಡಿಗೆದಾರ. ಹವ್ಯಾಸಿ ರೇಡಿಯೊದವರ ಕೇಂದ್ರವೂ ಇದೆ. ಯುದ್ಧಕಾಲದ ಮರದ ಶೆಡ್‌ಗಳ ದೊಡ್ಡ ದುರಸ್ತಿ ಮುಗಿದು ಜನರಿಗೆ ತೆರೆದದ್ದು 2014ರಲ್ಲಿ. ಇಪ್ಪತ್ತೆರಡು ವರ್ಷ. ಸಮಿತಿಗಳಿಗೆ ಈ ಲೆಕ್ಕ ಹೇಳಿದರೆ ಮುಖ ಸಣ್ಣದಾಗುತ್ತದೆ, ಆದರೂ ಹೇಳುತ್ತೇನೆ.

ಬಳಕೆ ಆರಿಸುವಾಗ ಕಟ್ಟಡವನ್ನೂ ಒಂದು ಮಾತು ಕೇಳಬೇಕು. ಮಹಡಿಯ ಮೇಲೆ ಲೈಬ್ರರಿ ಅನ್ನುವುದು ಎಲ್ಲರಿಗೂ ಇಷ್ಟದ ಸಲಹೆ. ವಾಸದ ಮನೆಯ ನೆಲಕ್ಕೆ ನಾವು ಎಂಜಿನಿಯರಿಂಗ್ ಲೆಕ್ಕದಲ್ಲಿ ಹಿಡಿಯುವುದು ಚದರ ಮೀಟರಿಗೆ ಸುಮಾರು 200 ಕೆಜಿ ಭಾರ. ಪುಸ್ತಕದ ಕಪಾಟು ಸಾಲಾಗಿ ನಿಲ್ಲುವ ಕೋಣೆಗೆ 600 ಕೆಜಿಯಾದರೂ ಬೇಕು. ಹಳೆಯ ಮರದ ತೊಲೆ ಸುಮ್ನೆ ಹೊರುವುದಿಲ್ಲ. ಬಲಪಡಿಸಲು ಕಬ್ಬಿಣ ತುರುಕಿದರೆ, ಯಾವ ಚಂದದ ಸೂರನ್ನು ಉಳಿಸಲು ಹೊರಟಿದ್ದೆವೋ ಅದೇ ಹೋಯಿತು. ಅದೇ ಪುಸ್ತಕಗಳನ್ನು ನೆಲಮಾಳಿಗೆ ಇಲ್ಲದ ಕೆಳಗಿನ ಕೋಣೆಗೆ ತಂದರೆ ಯಾರಿಗೂ ತೊಂದರೆಯಿಲ್ಲ. ಆಸ್ಟ್ರೇಲಿಯಾದ ಸಂರಕ್ಷಣೆ ತಜ್ಞರು 1979ರಲ್ಲಿ ಒಪ್ಪಿಕೊಂಡ ಬರಾ ಚಾರ್ಟರ್ ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ಎಷ್ಟು ಬೇಕೋ ಅಷ್ಟು ಬದಲಿಸಿ, ಅದಕ್ಕಿಂತ ಒಂದು ಮೊಳೆಯೂ ಹೆಚ್ಚು ಬೇಡ.

ಕೊಳೆತ ತೊಲೆಯ ಆ ಮನೆ ಏನಾಯಿತು ಅಂದರೆ, ತೊಲೆಯ ಕೊಳೆತ ತುದಿಯನ್ನಷ್ಟೇ ಕತ್ತರಿಸಿ ಹೊಸ ಮರ ಜೋಡಿಸಿದೆವು. ಸಿಮೆಂಟ್ ಕಿತ್ತು ಸುಣ್ಣದ ಗಾರೆ ಮಾಡಿಸಿದೆವು. ಹಜಾರ ಇನ್ನೂ ಖಾಲಿಯೇ ಇದೆ, ಅದಕ್ಕೆ ದುಡ್ಡು ಸೇರಿಲ್ಲ. ಆದರೆ ಲಾಯದಲ್ಲಿ ಸೈಕಲ್ ರಿಪೇರಿ ಮಾಡುವವರು ಬಾಡಿಗೆಗೆ ಬಂದಿದ್ದಾರೆ. ಮೊದಲ ದೊಡ್ಡ ಮಳೆಯ ದಿನ ಬೆಳಗ್ಗೆಯೇ ಅವರ ಫೋನ್ ಬಂತು. 'ಸಾರ್, ಬಂಗಲೆ ಮೂಲೇಲಿ ನೀರು ಗೋಡೆ ಮೇಲೆ ಇಳೀತಿದೆ' ಅಂದರು. ನಾನು ಹೋಗುವಷ್ಟರಲ್ಲಿ ಅವರೇ ಏಣಿ ಇಟ್ಟು ಹತ್ತಿದ್ದರು. ದೋಣಿಯಿಂದ ಒಂದು ಬುಟ್ಟಿ ಎಲೆ ಮತ್ತು ಒಂದು ಟೆನಿಸ್ ಚೆಂಡು ಸಿಕ್ಕಿತು. ಅರ್ಧ ಗಂಟೆಯ ಕೆಲಸ.